ಒಪ್ಪಿಸುವ ಮಾತು

ಕನ್ನಡದಲ್ಲಿ 'ಒಪ್ಪಿಸು' ಎಂಬ ಕ್ರಿಯಾಪದಕ್ಕೆ ಮೂರು ಬಳಕೆಗಳುಂಟು. ಕಾರಣ ಕೊಟ್ಟು, ವಾದಿಸಿ, ಎದುರಿನವನಿಂದ 'ಹೌದು' ಎನ್ನಿಸುವುದು ಒಂದು. ಶಾಲೆಯ ಹುಡುಗ ಗುರುಗಳ ಮುಂದೆ ಕೈಕಟ್ಟಿ ನಿಂತು ಬಾಯಿಪಾಠ ಒಪ್ಪಿಸುವುದು ಇನ್ನೊಂದು. ತನ್ನದೆಂಬುದನ್ನು, ಕಡೆಗೆ ತನ್ನನ್ನೇ, ಮತ್ತೊಬ್ಬರ ಕೈಗೆ ಬಿಟ್ಟುಕೊಡುವುದು ಮೂರನೆಯದು. ಮೊದಲ ನೋಟಕ್ಕೆ ಇವು ಒಂದಕ್ಕೊಂದು ದೂರದ ಅರ್ಥಗಳೆಂದೇ ತೋರುತ್ತವೆ. ಆದರೆ ನಮ್ಮ ನಾಡಿನಲ್ಲಿ ಬರಿಯ ಮಾತಿನಿಂದ ಜನರ ಮನಸ್ಸು ತಿರುಗಿದ ಬಹು ದೊಡ್ಡ ಪ್ರಸಂಗವನ್ನು, ಎಂದರೆ 12ನೆಯ ಶತಮಾನದ ವಚನಕಾರರ ಪ್ರಸಂಗವನ್ನು, ವಿಚಾರಮಾಡಿ ನೋಡಿದರೆ ಈ ಮೂರೂ ಒಂದೇ ಬಳ್ಳಿಯ ಕಾಯಿಗಳೆಂದು ತಿಳಿಯುತ್ತದೆ. ಆ ಬಳ್ಳಿಯ ಬೇರು ಈಗಿನ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿದೆ.

ಮಾತು ಕೇಳುವವನನ್ನು ಗೆಲ್ಲುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ಇದನ್ನೊಂದು ಶಾಸ್ತ್ರವಾಗಿಯೇ ವಿವೇಚಿಸಿದನು. ಹೇಳುವವನ ಶೀಲ, ಕೇಳುವವನ ಮನೋಭಾವ, ಹೇಳಿದ ಮಾತಿನ ಯುಕ್ತಿ, ಈ ಮೂರರಿಂದ ನಂಬಿಕೆ ಹುಟ್ಟುತ್ತದೆಂಬುದು ಅವನ ಮತ. ಆತನ ಕಣ್ಣಮುಂದೆ ಇದ್ದದ್ದು ನ್ಯಾಯಸಭೆ ಮತ್ತು ಪೌರರ ಸಭೆ. ನಮ್ಮ ಆಲಂಕಾರಿಕರು ಈ ವಿಷಯವನ್ನು ಬೇರೊಂದು ದಾರಿಯಿಂದ ಮುಟ್ಟಿದರು. 11ನೆಯ ಶತಮಾನದ ಕಾಶ್ಮೀರದ ಮಮ್ಮಟನಲ್ಲಿ ಮೂರು ಬಗೆಯ ಉಪದೇಶದ ಮಾತು ಬರುತ್ತದೆ. ವೇದ ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣ ಇತಿಹಾಸಗಳು ಗೆಳೆಯನಂತೆ ಹಿತ ಹೇಳುತ್ತವೆ. ಕಾವ್ಯವು ಕಾಂತೆಯಂತೆ ಸರಸದಿಂದ ಒಲಿಸಿ ಒಳ್ಳೆಯ ಕಡೆಗೆ ತಿರುಗಿಸುತ್ತದೆ. ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತ ಎಂಬ ಈ ಹೆಸರುಗಳು ಅಲಂಕಾರಶಾಸ್ತ್ರ ಓದಿದವರಿಗೆಲ್ಲ ಪರಿಚಿತವಾದವು. ಹಾಗಾದರೆ ನಮ್ಮ ವಚನ ಇವುಗಳಲ್ಲಿ ಯಾವುದು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಕೆಲವು ಸ್ವಾರಸ್ಯವಾದ ಸಂಗತಿಗಳು ಕಾಣಬರುತ್ತವೆ.

ಮೊದಲು ಆ ಕಾಲದ ಬಾಗೇವಾಡಿಯನ್ನು ನೆನೆಯೋಣ. ಆಗ ಅದು ತರ್ದವಾಡಿ ನಾಡಿಗೆ ಸೇರಿದ ಊರು. ಅಗ್ರಹಾರವಾಗಿತ್ತೆಂಬುದು ಪರಂಪರೆಯ ಮಾತು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತಿರುವ, ಸೇವುಣ ದೊರೆ ಕನ್ನರನ ಕಾಲದ 1260ರ ಶಾಸನವೊಂದು ಬಾಗವಾಡಿಯ ಮಾದಿರಾಜನ ಮಗ ಸಂಗನಬಸವನನ್ನು ಹೆಸರಿಸುತ್ತದೆ. ಬಸವಣ್ಣನವರು ಬರಿಯ ಪುರಾಣದ ಪುರುಷರಲ್ಲವೆಂಬುದಕ್ಕೆ ಇತಿಹಾಸಕಾರರು ಮೊದಲು ಕೈತೋರಿಸುವುದು ಈ ಕಲ್ಲಿನ ಕಡೆಗೇ. ಅವರು ಹುಟ್ಟಿದ್ದು 1105ರಲ್ಲೋ 1131ರಲ್ಲೋ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಅವರು ಬೆಳೆದ ಲೋಕದಲ್ಲಿ ಜನರನ್ನು ಒಪ್ಪಿಸುತ್ತಿದ್ದ ಮಾತು ಯಾವುದು ಎಂಬುದರಲ್ಲಿ ಮಾತ್ರ ಅಷ್ಟು ಸಂದೇಹಕ್ಕೆ ಎಡೆಯಿಲ್ಲ.

ಆ ಮಾತು ಕಲ್ಲಿನಲ್ಲಿಯೇ ಇದೆ. ಚಾಲುಕ್ಯರ, ಕಳಚುರಿಗಳ ಕಾಲದ ಶಾಸನಗಳನ್ನು ಓದಿದವರು ಅದರ ಧಾಟಿಯನ್ನು ಬಲ್ಲರು. ಮೊದಲು ಅರಸನ ಬಿರುದಾವಳಿ, ಆಮೇಲೆ ದಾನದ ವಿವರ, ಭೂಮಿಯ ಎಲ್ಲೆ, ಕಡೆಯಲ್ಲಿ ಶಾಪಾಶಯ. ಈ ಧರ್ಮವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಫಲ, ಕೆಡಿಸಿದವನಿಗೆ ಅಲ್ಲಿಯೇ ಗೋವುಗಳನ್ನು ಕೊಂದ ಪಾಪ ಎಂಬ ಅರ್ಥದ ಮಾತು ಊರಿಂದೂರಿಗೆ ಹೆಚ್ಚು ಕಡಿಮೆ ಒಂದೇ ರೂಪದಲ್ಲಿ ಬರುತ್ತದೆ. ಇದೂ ಒಪ್ಪಿಸುವ ಕಲೆಯೇ. ದಾನಿ ಸತ್ತು ನೂರು ವರ್ಷಗಳಾದ ಮೇಲೆ ಹುಟ್ಟುವ, ಅವನು ಕಂಡೂ ಇರದ ಮನುಷ್ಯನನ್ನು ಒಪ್ಪಿಸುವ ಕಷ್ಟದ ಕೆಲಸ ಆ ಕಲ್ಲಿನದು. ಅದು ಹಿಡಿದ ಉಪಾಯ ಎರಡು: ಒಂದು ಆಸೆ, ಇನ್ನೊಂದು ಭಯ. ಪ್ರಭುಸಮ್ಮಿತವೆಂಬುದು ಮೂರ್ತಿವೆತ್ತು ನಿಂತರೆ ಅದು ಶಿಲಾಶಾಸನವೇ ಸರಿ. ಅಲ್ಲಿ ಕೇಳುಗನಿಗೆ ತಿರುಗಿ ಮಾತಾಡುವ ಅವಕಾಶವಿಲ್ಲ.

ಇಂಥ ಲೋಕದಲ್ಲಿ ವಚನ ಹುಟ್ಟಿತು. ಅದಕ್ಕೆ ಛಂದಸ್ಸಿನ ಕಟ್ಟಿಲ್ಲ, ಬಿರುದಿಲ್ಲ, ಶಾಪವೂ ಇಲ್ಲ. ಕೆಲವೇ ಸಾಲುಗಳಲ್ಲಿ ಹುಟ್ಟಿ, ಬೆಳೆದು, ಅಂಕಿತದಲ್ಲಿ ಮುಗಿಯುತ್ತದೆ. ಕಿರಿದರಲ್ಲಿ ಹಿರಿದನ್ನು ಹೇಳಬಲ್ಲವನೇ ಹೆಚ್ಚಿನ ಜಾಣನೆಂಬ ಅಭಿಪ್ರಾಯ 9ನೆಯ ಶತಮಾನದ ಕವಿರಾಜಮಾರ್ಗದಷ್ಟು ಹಳೆಯದು. ಆ ಜಾಣ್ಮೆಯನ್ನು ಆಸ್ಥಾನದಿಂದ ಅಂಗಳಕ್ಕೆ ತಂದವರು ವಚನಕಾರರು. ಒಮ್ಮೆ ಕೇಳಿದವನು ಅದನ್ನು ಹೊಲಕ್ಕೆ, ಸಂತೆಗೆ, ನದಿಯ ಕಡವಿಗೆ ನೆನಪಿನಲ್ಲಿ ಒಯ್ಯಬಹುದಾಗಿತ್ತು. ಅಕ್ಷರ ಬಾರದವನಿಗೂ ಅದು ಎಟುಕುತ್ತಿತ್ತು.

ಆದರೆ ಚಿಕ್ಕದಾಗಿ, ತಿಳಿಯಾಗಿ ಹೇಳಿದ ಮಾತ್ರಕ್ಕೆ ಯಾರೂ ಒಪ್ಪುವುದಿಲ್ಲ. ಬಸವಣ್ಣನವರ ವಚನಗಳ ಒಳಗಿನ ಏರ್ಪಾಡನ್ನು ಗಮನಿಸಬೇಕು. ಅವುಗಳಲ್ಲಿ ಹೆಚ್ಚಿನವು ಜನರನ್ನು ಕರೆದು ಹೇಳಿದ ಮಾತುಗಳಲ್ಲ. ಕೂಡಲಸಂಗಮದೇವನಿಗೆ ಹೇಳಿಕೊಂಡ ಮಾತುಗಳು. ಜನ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ, ಅಷ್ಟೆ. ಈ ಒಂದು ಏರ್ಪಾಡಿನಿಂದ ಎಷ್ಟು ವ್ಯತ್ಯಾಸವಾಯಿತೆಂಬುದನ್ನು ನೋಡಿ. ಒಬ್ಬನು ನಮ್ಮ ಮುಖ ನೋಡಿ, 'ನಿನ್ನ ಮನಸ್ಸು ಚಂಚಲ, ನಿನ್ನ ಭಕ್ತಿ ತೋರಿಕೆಯದು' ಎಂದರೆ ನಾವು ಕೂಡಲೇ ಎದುರುತ್ತರ ಹುಡುಕುತ್ತೇವೆ. 'ಇವನು ಯಾರು ಕೇಳುವುದಕ್ಕೆ?' ಎನ್ನುತ್ತೇವೆ. ಅದೇ ಮನುಷ್ಯನು ನಮ್ಮ ಕಡೆ ನೋಡದೆ ತನ್ನ ದೇವರ ಮುಂದೆ ನಿಂತು, ತನ್ನ ಮನಸ್ಸೇ ಚಂಚಲ, ತನ್ನ ಭಕ್ತಿಯೇ ತೋರಿಕೆಯದು ಎಂದು ಒಪ್ಪಿಕೊಳ್ಳುತ್ತಿದ್ದರೆ ನಾವು ಸುಮ್ಮನೆ ಕೇಳುತ್ತೇವೆ. ಕೇಳುತ್ತ ಕೇಳುತ್ತ ಆ 'ನಾನು' ಎಂಬ ಮಾತು ನಮ್ಮನ್ನೂ ಸೇರಿಸಿಕೊಳ್ಳುತ್ತದೆ. ಆಪಾದಿತನ ಸ್ಥಾನದಲ್ಲಿ ಹೇಳುವವನೇ ನಿಂತಮೇಲೆ ಕೇಳುಗನಿಗೆ ಜಗಳವಾಡಲು ಯಾರೂ ಉಳಿಯುವುದಿಲ್ಲ, ತನ್ನ ಅಂತಃಕರಣವೊಂದನ್ನು ಬಿಟ್ಟು.

ಇದು ಪ್ರಭುವಿನ ಮಾತಲ್ಲ, ಗೆಳೆಯನ ಹಿತವಚನವಲ್ಲ, ಕಾಂತೆಯ ಸರಸವೂ ಅಲ್ಲ. ಒಡೆಯನ ಮುಂದೆ ಲೆಕ್ಕ ಒಪ್ಪಿಸುವ ಆಳಿನ ಮಾತು. ಪರಂಪರೆ ಬಸವಣ್ಣನವರನ್ನು ಬಿಜ್ಜಳನ ಭಂಡಾರಿಯೆಂದು ಹೇಳುತ್ತದೆ. ಲೆಕ್ಕ ಒಪ್ಪಿಸುವುದು ಅವರಿಗೆ ನಿತ್ಯದ ಕೆಲಸವಾಗಿತ್ತೆಂದಾಯಿತು. ಆಲಂಕಾರಿಕರ ಮೂರು ಹೆಸರುಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಇಡಬಹುದಾದರೆ ಇದನ್ನು 'ಭೃತ್ಯಸಮ್ಮಿತ' ಎನ್ನಬೇಕು.

ಎರಡನೆಯ ಸಂಗತಿ ಸಾಕ್ಷಿಗಳದು. ತಮ್ಮ ವಾದಕ್ಕೆ ಬಸವಣ್ಣನವರು ಕರೆಯುವ ಸಾಕ್ಷಿಗಳು ಶಾಸ್ತ್ರಗ್ರಂಥದಿಂದ ಬಂದವರಲ್ಲ, ಕೇಳುಗನ ಮನೆಯಿಂದಲೇ ಬಂದವರು. ಹಬ್ಬಕ್ಕೆಂದು ತಂದ ಕುರಿ, ಒಡೆಯನಿಲ್ಲದ ಮನೆಯ ಹೊಸ್ತಿಲಲ್ಲಿ ಬೆಳೆದ ಹುಲ್ಲು, ಮಣ್ಣಿನ ಮಡಕೆ, ಒಲೆಯ ಕಿಚ್ಚು, ಇವೇ ಅವರ ಪ್ರಮಾಣಗಳು. ಕಲ್ಲಿನ ಹಾವು ಮತ್ತು ಜೀವಂತ ಹಾವಿನ ದೃಷ್ಟಾಂತವಿರುವ ವಚನವನ್ನು ಅರಿಯದ ಕನ್ನಡಿಗರಿಲ್ಲ. ಅದರ ವಾದಸರಣಿಯನ್ನು ಬಿಡಿಸಿ ನೋಡಿದರೆ ಎಂಥ ನುರಿತ ವಕೀಲನೂ ಮೆಚ್ಚಬೇಕು. ನಾಗರ ಕಲ್ಲಿಗೆ ಹಾಲೆರೆಯುವವರು ನಿಜವಾದ ಹಾವು ಕಂಡರೆ ಬಡಿಗೆ ಹುಡುಕುತ್ತಾರೆಂಬುದು ಕೇಳುಗನು ಅಲ್ಲಗಳೆಯಲಾಗದ ಸಂಗತಿ. ಪ್ರಾಯಶಃ ಅವನೇ ಹಾಗೆ ಮಾಡಿರುತ್ತಾನೆ. ಅದಕ್ಕೆ ಆತ ನಕ್ಕು ತಲೆಯಾಡಿಸುತ್ತಾನೆ. ಹಾಗೆ ತಲೆಯಾಡಿಸಿದ ಮರುಕ್ಷಣವೇ ಅದೇ ತೂಕದ ಇನ್ನೊಂದು ಸಂಗತಿ ಬರುತ್ತದೆ: ಉಣ್ಣದ ದೇವರಿಗೆ ಎಡೆ, ಹಸಿದು ಬಂದ ಶರಣನಿಗೆ ಬಾಗಿಲು. ಮೊದಲನೆಯದಕ್ಕೆ ಒಪ್ಪಿದವನು ಎರಡನೆಯದನ್ನು ತಳ್ಳಿಹಾಕುವಂತಿಲ್ಲ. ತೀರ್ಪು ಕೊಟ್ಟವನು ಕೇಳುಗನೇ. ಹೊರಗಿನಿಂದ ಹೇರಿದ ತೀರ್ಪಿಗೆ ಮೇಲ್ಮನವಿಯುಂಟು; ತಾನೇ ಕೊಟ್ಟುಕೊಂಡ ತೀರ್ಪಿಗೆ ಮೇಲ್ಮನವಿ ಎಲ್ಲಿಗೆ?

ಎಲ್ಲ ವಚನಕಾರರೂ ಒಂದೇ ದಾರಿ ಹಿಡಿದರೆಂದು ಇದರ ಅರ್ಥವಲ್ಲ. ಅಂಬಿಗರ ಚೌಡಯ್ಯನ ಮಾತು ನೇರವಾಗಿ ಎದುರಿನವನ ಮುಖಕ್ಕೇ ಬಡಿಯುತ್ತದೆ. ಅಲ್ಲಮಪ್ರಭುಗಳ ಮಾತು ಬೆಡಗಿನಲ್ಲಿ ಕೇಳುಗನ ಬುದ್ಧಿಯನ್ನು ತಡೆದು ನಿಲ್ಲಿಸಿ, ಅವನೇ ದಾರಿ ಹುಡುಕಿಕೊಳ್ಳುವಂತೆ ಮಾಡುತ್ತದೆ. ಸ್ವಭಾವಕ್ಕೆ ತಕ್ಕ ನುಡಿ. ಆದರೆ ಎಲ್ಲರಲ್ಲಿಯೂ ಸಮಾನವಾದದ್ದು ಒಂದುಂಟು: ಮಾತನಾಡುವವನು ತನ್ನ ಕಾಯಕದ ನೆಲದ ಮೇಲೆ ನಿಂತು ಮಾತನಾಡುತ್ತಾನೆ. ಸಿಂದಗಿಯ ಕಡೆಯ ದೇವರ ಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ, ಇವರೆಲ್ಲ ನಿನ್ನೆ ಕೇಳುಗರಾಗಿದ್ದವರು, ಇಂದು ಹೇಳುವವರಾದರು. ನನ್ನ ಮಟ್ಟಿಗೆ ಒಪ್ಪಿಸುವ ಮಾತಿನ ನಿಜವಾದ ಪರೀಕ್ಷೆ ಇದು. ಕೇಳುಗನನ್ನು ಮೂಕನನ್ನಾಗಿ ಮಾಡಿ ಗೆದ್ದರೆ ಅದು ಬರಿಯ ಗೆಲವು. ಕೇಳಿದವನಿಗೆ ಬಾಯಿ ಬಂದರೆ, ಅವನು ಹೇಳಿದವನನ್ನೇ ತಿರುಗಿ ಪ್ರಶ್ನಿಸುವಂತಾದರೆ, ಆಗ ಮಾತು ಸಾರ್ಥಕವಾಯಿತು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಬಸವಣ್ಣನವರ ಅಂಗಳದಿಂದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದನಂತೆ. ಬೇಕಾದುದಕ್ಕಿಂತ ಹೆಚ್ಚು ತಂದರೆ ಅದು ಆಸೆಯಾಯಿತು, ಕಾಯಕವಾಗಲಿಲ್ಲವೆಂದು ಲಕ್ಕಮ್ಮ ಅದನ್ನು ಹಿಂದಕ್ಕೆ ಕೊಟ್ಟುಬರಲು ಕಳಿಸಿದಳು. ಮಾರಯ್ಯ ಹೋದ. ಕಥೆಯ ಸೊಗಸು ಇಲ್ಲಿದೆ: ಕಾಯಕದ ಮಾತನ್ನು ಕಲಿಸಿದ ಮನೆಯ ಅಂಗಳಕ್ಕೇ ಆ ಮಾತು ಒಬ್ಬ ಬಡ ಹೆಂಗಸಿನ ಬಾಯಿಂದ ಹೊರಟು ಮರಳಿ ಬಂದಿತು. ಶಿಲಾಶಾಸನಕ್ಕೆ ಹೀಗೆ ಉತ್ತರ ಹೇಳಿದವರುಂಟೆ?

ಇಷ್ಟೆಲ್ಲ ಆದಮೇಲೆ ಬೆಲೆಯ ಪ್ರಶ್ನೆ ಬರುತ್ತದೆ. ಮಾತನ್ನು ಒಪ್ಪಿದ ಜನ ಅದನ್ನು ನಡೆಯಲ್ಲಿ ತರಹೊರಟರೆ ಏನಾಗುತ್ತದೆಂಬುದನ್ನು ಕಲ್ಯಾಣ ತೋರಿಸಿಕೊಟ್ಟಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅದಕ್ಕಾಗಿ ಬಿಜ್ಜಳನು ಆ ತಂದೆಯರಿಬ್ಬರಿಗೂ ಕ್ರೂರ ಶಿಕ್ಷೆ ವಿಧಿಸಿದನೆಂದೂ ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯಾಯಿತು, ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿದರು, ಶರಣರು ಚೆದುರಿದರು, ಚೆನ್ನಬಸವಣ್ಣನವರು ಉಳವಿಯ ಕಡೆಗೆ ನಡೆದರು. ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವೆಂದು ಮುದ್ದೇಬಿಹಾಳದ ಕಡೆಯ, ಕೃಷ್ಣಾತೀರದ ತಂಗಡಗಿಯನ್ನು ಇಂದಿಗೂ ತೋರಿಸುತ್ತಾರೆ.

ಹಾಗಾದರೆ ಬಸವಣ್ಣನವರ ಮಾತು ಸೋತಿತೆ? ಅಧಿಕಾರವನ್ನು ಅದು ಒಪ್ಪಿಸಲಾರದೆ ಹೋಯಿತೆಂಬುದು ನಿಜ. ಮನಸ್ಸನ್ನು ಸಾಕ್ಷಿಗೆ ಕರೆಯುವ ಮಾತು, ಸಾಕ್ಷಿ ಹೇಳಲು ಸಿದ್ಧವಿಲ್ಲದ ಮನಸ್ಸಿನ ಮುಂದೆ ನಿಲ್ಲಲಾರದು. ಆದರೆ ಹರಳಯ್ಯ ಮಧುವರಸರನ್ನು ಯಾರೂ ಆಜ್ಞೆಯಿಂದ ಆ ಮದುವೆಗೆ ದೂಡಲಿಲ್ಲ. ಯಾವ ಶಾಪದ ಭಯವೂ ಅವರಿಗಿರಲಿಲ್ಲ. ದೊರೆಯುವ ಫಲವೇನೆಂಬುದು ಅವರಿಗೆ ತಿಳಿಯದ್ದೇನೂ ಅಲ್ಲ. ಭಯದಿಂದಲೂ ಆಸೆಯಿಂದಲೂ ಯಾರಿಂದಲೂ ಮಾಡಿಸಲಾಗದ ಕೆಲಸವೊಂದನ್ನು ಮಾತು ಅವರಿಂದ ಮಾಡಿಸಿತು. ಅಂಥ ಮಾತನ್ನು ಆಡುವವನ ಹೊಣೆ ಎಷ್ಟೆಂಬುದೂ ಇದರಿಂದಲೇ ತಿಳಿಯುತ್ತದೆ. ಕೇಳಿದವರು ಪ್ರಾಣವನ್ನೇ ತೆತ್ತಾಗ, ಹೇಳಿದವರು ಅಧಿಕಾರವನ್ನು ಬಿಟ್ಟು ಬರಿಗೈಯಲ್ಲಿ ಹೊರಟರು. ಮಾತು ಹೇಗಿರಬೇಕೆಂದು ಹೇಳುವ ಅವರ ಪ್ರಸಿದ್ಧ ವಚನ ಕಡೆಯಲ್ಲಿ ನುಡಿಯನ್ನು ನಡೆಯ ತಕ್ಕಡಿಗೆ ಹಾಕುತ್ತದೆ. ಅದು ಕವಿಯ ಅಲಂಕಾರವಲ್ಲ, ಲೆಕ್ಕದ ಕೊನೆಯ ಸಾಲು ಎಂಬುದನ್ನು ಕಲ್ಯಾಣದ ಇತಿಹಾಸ ಸಾರುತ್ತದೆ.

ಬಸವಣ್ಣನವರು ಹೋದಮೇಲೆ ಅವರ ಕಥೆಯೇ ಜನರನ್ನು ಒಪ್ಪಿಸುವ ಸಾಧನವಾಯಿತು. ಅದನ್ನು ಹೇಳಿದ ಕವಿಗಳು ತಂತಮ್ಮ ಕೇಳುಗರನ್ನು ಚೆನ್ನಾಗಿ ಬಲ್ಲವರು. ಬಾಗೇವಾಡಿಯಲ್ಲಿ ನಡೆದ ಜನಿವಾರದ ಪ್ರಸಂಗವನ್ನೇ ತೆಗೆದುಕೊಳ್ಳಿ. ಕಾಲದಲ್ಲಿ ಅವರಿಗೆ ಬಹು ಸಮೀಪನಾದ ಹಂಪೆಯ ಹರಿಹರ ತನ್ನ ರಗಳೆಯಲ್ಲಿ ಬಸವಣ್ಣನವರನ್ನು ತಂದೆತಾಯಿಗಳಿಲ್ಲದ, ಅಜ್ಜಿಯ ಆಶ್ರಯದಲ್ಲಿ ಬೆಳೆದ ಹುಡುಗನನ್ನಾಗಿ ಚಿತ್ರಿಸುತ್ತಾನೆ. ಅಲ್ಲಿ ಉಪನಯನ ಆಗಿಹೋಗಿದೆ. ಹದಿನಾರು ತುಂಬಿದ ತರುಣ, ಕರ್ಮಕ್ಕೂ ಭಕ್ತಿಗೂ ಹೊಂದಿಕೆಯಾಗದೆಂದು ತಾನೇ ಬಗೆದು, ಹಾಕಿಕೊಂಡ ಜನಿವಾರವನ್ನು ಕಳಚಿ ಕೂಡಲಸಂಗಮದ ದಾರಿ ಹಿಡಿಯುತ್ತಾನೆ. ತೆಲುಗಿನ ಪಾಲ್ಕುರಿಕೆ ಸೋಮನಾಥ ಹೇಳುವುದು ಬೇರೆ. ಅವನ ಬಸವಪುರಾಣದಲ್ಲಿ ತಂದೆತಾಯಿಗಳು ಇದ್ದಾರೆ. ಹುಡುಗ ಬಸವ ಉಪನಯನವನ್ನೇ ಬೇಡವೆಂದು ತಂದೆಯೊಡನೆ ವಾದಕ್ಕೆ ನಿಲ್ಲುತ್ತಾನೆ. ಇದನ್ನೇ ಭೀಮಕವಿ 1369ರಲ್ಲಿ ಕನ್ನಡ ಷಟ್ಪದಿಗೆ ತಂದನು. ಒಂದರಲ್ಲಿ ಒಳಗಿನ ತಳಮಳ, ಇನ್ನೊಂದರಲ್ಲಿ ಬಹಿರಂಗದ ವಾದ. ಮನಸ್ಸು ಕರಗಬೇಕಾದ ಭಕ್ತನಿಗೆ ಹರಿಹರ ಬರೆದ; ಎದುರುಪಕ್ಷಕ್ಕೆ ಉತ್ತರ ಬೇಕಾಗಿದ್ದ ಸಮುದಾಯಕ್ಕೆ ಸೋಮನಾಥ ಬರೆದ. ನಡೆದದ್ದು ಯಾವುದೆಂದು ಇತಿಹಾಸಕಾರ ಕೇಳಲಿ. ಸಾಹಿತ್ಯದ ವಿದ್ಯಾರ್ಥಿಗೆ, ಕೇಳುಗ ಬದಲಾದರೆ ಕಥೆಯೂ ಬದಲಾಗುತ್ತದೆಂಬುದು ದೊಡ್ಡ ಪಾಠ. 15ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯಂತೂ ಬಿಡಿ ವಚನಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ, ವಾದದ ಒಂದು ರಂಗವನ್ನೇ ಕಟ್ಟಿತು. ಶ್ರಾವಣ ಬಂತೆಂದರೆ ಉತ್ತರ ಕರ್ನಾಟಕದ ಮಠಗಳಲ್ಲಿ ಒಬ್ಬರು ಪದ್ಯ ಓದಲು, ಇನ್ನೊಬ್ಬರು ಅರ್ಥ ಬಿಡಿಸಿ ಪುರಾಣ ಹೇಳುವ ಸಂಪ್ರದಾಯ ಈ ಮಾತಿನ ಹೊಳೆಯನ್ನು ಬತ್ತದಂತೆ ಕಾಯ್ದಿತು.

ಆದರೂ 20ನೆಯ ಶತಮಾನದ ಆರಂಭದ ಹೊತ್ತಿಗೆ ವಚನಗಳು ತಾಡೋಲೆಗಳಲ್ಲಿ, ಮನೆಮಠಗಳ ಗಂಟುಗಳಲ್ಲಿ ಮಲಗಿದ್ದವು. ಕನ್ನಡದಲ್ಲಿ ಇಂಥದೊಂದು ಸಾಹಿತ್ಯರಾಶಿ ಇದೆಯೆಂದು ಓದಿದವರನ್ನು ಒಪ್ಪಿಸುವ ಕೆಲಸ ಬಾಗೇವಾಡಿಗೆ ನೆರೆಯ ವಿಜಾಪುರದಲ್ಲಿ, ಒಬ್ಬ ವಕೀಲರ ಪಾಲಿಗೆ ಬಂದಿತು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ನ್ಯಾಯಾಲಯದ ವಿದ್ಯೆಯನ್ನೇ ಸಾಹಿತ್ಯಕ್ಕೆ ತಂದರೆನ್ನಬೇಕು. ಹೊಗಳಿಕೆಯಿಂದ ಕಕ್ಷಿ ಗೆಲ್ಲುವುದಿಲ್ಲ, ದಾಖಲೆಯಿಂದ ಗೆಲ್ಲುತ್ತದೆ. ಓಲೆಗಳನ್ನು ಕೂಡಿಸಿದರು, ಪ್ರತಿಮಾಡಿದರು, ಪಾಠಗಳನ್ನು ಹೋಲಿಸಿದರು, ವಿಷಯಾನುಗುಣವಾಗಿ ವಿಂಗಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ಇದಕ್ಕಾಗಿ ಅವರು ಮನೆಯನ್ನೇ ಮಾರಿದರೆಂಬುದು ಆ ಸೀಮೆಯವರೆಲ್ಲ ಹೇಳುವ ಮಾತು. 1964ರಲ್ಲಿ ಅವರು ತೀರಿಕೊಂಡಾಗ ವಚನಸಾಹಿತ್ಯಕ್ಕಾಗಿ ಯಾರೂ ವಾದಿಸಬೇಕಾದ ಅಗತ್ಯ ಉಳಿದಿರಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಹಳಕಟ್ಟಿಯವರಲ್ಲಿಯೂ ಆ ಹಳೆಯ ಕ್ರಮವೇ ಕಾಣುತ್ತದೆ: ಮೊದಲು ತನ್ನನ್ನು ಒಪ್ಪಿಸಿಕೊಂಡು, ಆಮೇಲೆ ಲೋಕವನ್ನು ಒಪ್ಪಿಸುವುದು.

ಇಂದು ವಚನಗಳಿಗೆ ಕೊರತೆಯಿಲ್ಲ. ಬಸವ ಜಯಂತಿಯ ವೇದಿಕೆಯಲ್ಲಿ, ಚುನಾವಣೆಯ ಸಭೆಯಲ್ಲಿ, ಕಚೇರಿಯ ಗೋಡೆಯ ಮೇಲೆ, ಶಾಲೆಯ ಪ್ರಾರ್ಥನೆಯಲ್ಲಿ, ಎಲ್ಲೆಲ್ಲಿಯೂ ವಚನ. ಆದರೆ ಒಂದು ವಿಪರ್ಯಾಸವನ್ನು ಗಮನಿಸದೆ ಇರಲಾಗದು. ವಚನಕಾರನು 'ನಾನು' ಎಂದದ್ದನ್ನು ಭಾಷಣಕಾರನು ಸದ್ದಿಲ್ಲದೆ 'ನೀವು' ಮಾಡಿಬಿಡುತ್ತಾನೆ. ಬಸವಣ್ಣನವರು ತಮ್ಮ ಮನಸ್ಸಿನ ಡೊಂಕನ್ನು ದೇವರ ಮುಂದೆ ತೋಡಿಕೊಂಡ ಮಾತು, ಧ್ವನಿವರ್ಧಕದ ಮುಂದೆ ನೆರೆಯವನ ಡೊಂಕನ್ನು ತೋರಿಸುವ ಬೆತ್ತವಾಗುತ್ತದೆ. ಪದಗಳು ಒಂದಿನಿತೂ ಬದಲಾಗಿಲ್ಲ. ಬೆರಳು ತಿರುಗಿದ ದಿಕ್ಕು ಬದಲಾಗಿದೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಏಕೆಂದರೆ ಅಲ್ಲಿ ಆಪಾದಿತನು ಅವರಲ್ಲ, ಭಾಷಣಕಾರನೂ ಅಲ್ಲ, ಸಭೆಗೆ ಬಾರದ ಮೂರನೆಯವನು. ಎಲ್ಲರೂ ನಿರ್ದೋಷಿಗಳಾಗಿ ಮನೆಗೆ ಹೋಗುತ್ತಾರೆ. ಮಾತು ಮಾತ್ರ ಅಲ್ಲಿಯೇ ಉಳಿಯುತ್ತದೆ.

'ಒಪ್ಪಿಸು' ಎಂಬುದರ ಮೂರು ಅರ್ಥಗಳಲ್ಲಿ ಬಾಯಿಪಾಠದ ಅರ್ಥವೊಂದೇ ಉಳಿದರೆ ಹೀಗಾಗುತ್ತದೆ. ವಚನವನ್ನು ಬಾಯಿಪಾಠ ಮಾಡುವುದು ತಪ್ಪಲ್ಲ. ಅದು ಎಂಟು ಶತಮಾನ ಬದುಕಿ ಬಂದದ್ದು ಹಾಗೆಯೇ. ಆದರೆ ಮುಂದಿನ ಸಲ ಸಭೆಯೊಂದರಲ್ಲಿ ಯಾರಾದರೂ ವಚನ ಹೇಳಿದಾಗ ವಾಚಕರು ಒಂದು ಸಣ್ಣ ಪರೀಕ್ಷೆ ಮಾಡಿನೋಡಬಹುದು. ಹೇಳುವವನು ಆ 'ನಾನು' ಎಂಬಲ್ಲಿ ತನ್ನನ್ನು ನಿಲ್ಲಿಸಿದ್ದಾನೆಯೆ? ಕೇಳುತ್ತಿರುವ ನಾವು ನಮ್ಮನ್ನು ನಿಲ್ಲಿಸಿಕೊಂಡಿದ್ದೇವೆಯೆ? ಎರಡಕ್ಕೂ 'ಹೌದು' ಎಂಬ ಉತ್ತರ ಬಂದ ದಿನ ಬಾಗೇವಾಡಿಯ ಮಾತು ಮತ್ತೆ ತನ್ನ ಕೆಲಸಕ್ಕೆ ತೊಡಗುತ್ತದೆ.